ಸಿಲಿಂಡರ್ ಹೊರಿಸುವ ಮುನ್ನ: ಹಾವೇರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ವರದೆಯಲ್ಲೋ ತುಂಗಭದ್ರೆಯಲ್ಲೋ ಯಾರಾದರೂ ಮುಳುಗಿದರೆ ಫೋನ್ ಹೋಗುವುದು 112ಕ್ಕೆ. ಅಗ್ನಿಶಾಮಕ ದಳದ ಗಾಡಿ ಬರುವಷ್ಟರಲ್ಲಿ ನೀರಿಗಿಳಿದಿರುವವರು ಮಾತ್ರ ಊರಿನ ಈಜುಗಾರರು, ಮೀನು ಹಿಡಿಯುವವರು. ಸೊಂಟಕ್ಕೊಂದು ಹಗ್ಗ, ಕೈಯಲ್ಲಿ ಪಾತಾಳಗರಡಿ, ಅಷ್ಟೇ ಸಲಕರಣೆ. ಇವರಲ್ಲಿ ಕೆಲವರನ್ನು ಆರಿಸಿ, ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ತರಬೇತಿ ಕೊಡಿಸಿ ಎಂದು ಕೇಳಲು ಈ ಪತ್ರ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ತಾವೇ ಆದ್ದರಿಂದ ತಮಗೇ ಬರೆಯುತ್ತಿದ್ದೇನೆ. ಆದರೆ ನಾಲ್ಕು ದಿನದ ಶಿಬಿರ, ಒಂದು ಪ್ರಮಾಣಪತ್ರ, ಒಂದು ಗ್ರೂಪ್ ಫೋಟೊ, ಇಷ್ಟಕ್ಕೇ ಮುಗಿಸುವುದಾದರೆ ದಯವಿಟ್ಟು ಶುರುವೇ ಮಾಡಬೇಡಿ.

ಕಾರಣವಿದೆ. ನಮ್ಮ ಈಜುಗಾರನ ಪರಿಣತಿಯೆಲ್ಲ ಉಸಿರು ಬಿಗಿಹಿಡಿಯುವುದರಲ್ಲಿದೆ. ಸಿಲಿಂಡರ್ ಬೆನ್ನಿಗೇರಿದ ಮೇಲೆ ಅದೇ ಅವನ ಜೀವಕ್ಕೆ ಕುತ್ತು. ಹತ್ತು ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿನದರ ಇಮ್ಮಡಿ. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಡದೆ ಮೇಲೇರಿದರೆ ಒಳಗಿನ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯುತ್ತದೆ. ಅದಕ್ಕೆ ಹತ್ತು ಮೀಟರ್ ಕೂಡ ಬೇಡ, ಒಂದು ಕೃಷಿ ಹೊಂಡದ ಆಳ ಸಾಕು. ಚಿಕ್ಕಂದಿನಿಂದ ಮೈಗಂಟಿದ ರೂಢಿ ಗಾಬರಿಯಲ್ಲಿ ಮರುಕಳಿಸದಂತೆ ತಿದ್ದುವುದು ಎರಡು ದಿನದ ಮಾತಲ್ಲ.

ಸ್ಕೂಬಾ ತರಬೇತಿ ನೀಡುವ ಪ್ಯಾಡಿ ಸಂಸ್ಥೆಯ ಕ್ರಮವನ್ನೇ ನೋಡಿ. ಮೊದಲು 18 ಮೀಟರ್‌ವರೆಗಿನ ಓಪನ್ ವಾಟರ್. ಆಮೇಲೆ ನೀರೊಳಗೆ ದಿಕ್ಕು ಹಿಡಿಯುವುದನ್ನೂ ಕಲಿಸುವ ಮುಂದಿನ ಹಂತ. ಜೊತೆಗೆ ಹಿಂದಿನ 24 ತಿಂಗಳೊಳಗೆ ಪಡೆದ ಪ್ರಥಮ ಚಿಕಿತ್ಸೆ, ಸಿಪಿಆರ್ ತರಬೇತಿ. ಇವೆಲ್ಲ ಆದ ಮೇಲೆಯೇ ರೆಸ್ಕ್ಯೂ ಡೈವರ್. ದಣಿದವನನ್ನು ಎಳೆತರುವುದು, ಗಾಬರಿಬಿದ್ದವನು ಕಾಪಾಡಲು ಬಂದವನನ್ನೇ ಅಪ್ಪಿ ಮುಳುಗಿಸದಂತೆ ಅವನನ್ನು ಹಿಡಿಯುವುದು, ಪ್ರಜ್ಞೆ ತಪ್ಪಿದವನನ್ನು ತಳದಿಂದೆತ್ತುವುದು ಅಲ್ಲಿನ ಪಾಠ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲ ಸಮುದ್ರ ಇಂಥ ಕಲಿಕೆಗೆ ಒಳ್ಳೆಯ ಜಾಗ.

ಆದರೆ ನೇತ್ರಾಣಿಯಲ್ಲಿ ಮೀನು ಕಾಣುತ್ತದೆ. ಶ್ರಾವಣದ ತುಂಗಭದ್ರೆಯಲ್ಲಿ ಸ್ವಂತ ಕೈಯೇ ಕಾಣದು. ತಳದಲ್ಲಿ ಮರಳು ತೆಗೆದ ಗುಂಡಿ, ಹರಿದ ಬಲೆ, ಕೊಚ್ಚಿಬಂದ ಜಾಲಿ ಮುಳ್ಳು. ಇಲ್ಲಿ ಬೇಕಾದದ್ದು ಬೇರೆಯೇ ವಿದ್ಯೆ. ದಂಡೆಯ ಮೇಲೊಬ್ಬ ಹಗ್ಗ ಹಿಡಿದಿರುತ್ತಾನೆ. ಕೆಳಗಿನವನು ಹಗ್ಗ ಬಿಗಿಯಾಗಿಟ್ಟುಕೊಂಡು ಅರ್ಧಚಂದ್ರಾಕಾರದಲ್ಲಿ ತಡಕಾಡುತ್ತ ಹೋಗುತ್ತಾನೆ. ಇಬ್ಬರ ಮಾತುಕತೆಯೆಲ್ಲ ಹಗ್ಗದ ಎಳೆತದಲ್ಲೇ. ಬಲೆ ಕತ್ತರಿಸಲು ಚೂರಿ ಇರಬೇಕು, ಇನ್ನೊಬ್ಬ ಮುಳುಗುಗಾರ ಪೂರ್ತಿ ಸಜ್ಜಾಗಿ ದಂಡೆಯಲ್ಲಿ ಕೂತಿರಬೇಕು. ಎಲ್ಲಕ್ಕಿಂತ ಮುಖ್ಯ, ಅಳುವ ಮನೆಯವರು, ಮೊಬೈಲ್ ಹಿಡಿದ ಜನ, ಒತ್ತಡ ಹಾಕುವ ಮುಖಂಡರು ಎಲ್ಲರೆದುರು ‘ಇವತ್ತು ಇಳಿಯುವುದಿಲ್ಲ’ ಎನ್ನುವ ಅಧಿಕಾರ ತಂಡದ ಮುಖ್ಯಸ್ಥನಿಗೆ ಇರಬೇಕು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಗಂಗಾವಳಿ ನದಿಯ ಸೆಳವು ತಗ್ಗಲೆಂದು ನೌಕಾಪಡೆಯ ಮುಳುಗುಗಾರರೇ ಕಾಯಬೇಕಾಯಿತು. ಕುಸಿತದಲ್ಲಿ ನದಿಪಾಲಾಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ನಮ್ಮ ಹುಡುಗರು ಕಾಯಲು ಹೊರಟರೆ ಹೇಡಿಗಳೆನ್ನುತ್ತೇವೆ.

ಬ್ಯಾಡಗಿ ಕಡೆಯ ಕೆರೆ, ಹೊಂಡಗಳ ಮಾತು ಬೇರೆ. ಮುಳುಗಿದವರಿಗೆ ಉಳಿದಿರುವುದು ನಿಮಿಷಗಳು. ಹಾವೇರಿಯಿಂದ ಹೊರಟ ಡೈವರ್ ತಲುಪಿ ಎತ್ತುವುದು ಬಹುತೇಕ ಶವವನ್ನೇ. ಪ್ಲಾಸ್ಟಿಕ್ ಹಾಸಿನ ಹೊಂಡದಲ್ಲಿ ಈಜು ಬಲ್ಲವನೂ ಜಾರುತ್ತಾನೆ. ಅಲ್ಲಿಗೆ ಬೇಲಿ, ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಟ್ಯೂಬು ಸಾಕು. ಕೃಷಿ ಹೊಂಡದ ಸಬ್ಸಿಡಿ ಬಿಡುಗಡೆಗೆ ಮುನ್ನ ಇವಿಷ್ಟನ್ನು ಕಡ್ಡಾಯವಾಗಿ ಪರಿಶೀಲಿಸಿ.

ನದಿಗೆ ಮಾತ್ರ ತಂಡ ಬೇಕೇ ಬೇಕು. ರಾಣೇಬೆನ್ನೂರು, ಹಾವೇರಿ ತಾಲ್ಲೂಕುಗಳ ನದಿಯಂಚಿನ ಊರುಗಳಿಂದ ಆರಿಸಿ, ವೈದ್ಯಕೀಯ ತಪಾಸಣೆ ಮಾಡಿಸಿ, ನೀರು ಇಳಿದಿರುವ ಬೇಸಿಗೆಯಲ್ಲೇ ಹಗ್ಗದ ಅಭ್ಯಾಸ ಆರಂಭಿಸಿ. ಇಳಿದ ದಿನಕ್ಕೆ ಸಂಭಾವನೆ, ವರ್ಷಕ್ಕೊಮ್ಮೆ ಮರುತರಬೇತಿ, ಹೆಂಡತಿ ಮಕ್ಕಳ ಹೆಸರಿಗೆ ವಿಮೆ, ಇವು ಮೊದಲ ಆದೇಶದಲ್ಲೇ ಇರಲಿ.

ಇತಿ,
ಜಿಲ್ಲೆಯ ಒಬ್ಬ ನಿವಾಸಿ