ತೆರಿಗೆಯ ರಸೀದಿಯನ್ನು ಓದಲು ಕಲಿಯೋಣ

ಪ್ರತಿವರ್ಷ ಬಜೆಟ್‌ನ ಹೊತ್ತಿಗೆ ನಮ್ಮ ನಗರಪಾಲಿಕೆಗಳ ಸಭಾಂಗಣಗಳಲ್ಲಿ ಒಂದೇ ಬಗೆಯ ವಾಗ್ವಾದ ನಡೆಯುತ್ತದೆ. ನೀರು, ಚರಂಡಿ, ಬೀದಿದೀಪ, ಕಸ ವಿಲೇವಾರಿಗೆ ಹಣವಿಲ್ಲ, ಆದ್ದರಿಂದ ತೆರಿಗೆ ಏರಿಸದೆ ವಿಧಿಯಿಲ್ಲ ಎಂದು ಆಡಳಿತ ಪಕ್ಷ ಹೇಳುತ್ತದೆ. ಜನರ ಮೇಲೆ ಹೊರೆ ಹೇರಬೇಡಿ ಎಂದು ಪ್ರತಿಪಕ್ಷ ಮೇಯರ್ ಪೀಠದ ಮುಂದೆ ಧರಣಿ ಕೂರುತ್ತದೆ. ಚುನಾವಣೆಯಲ್ಲಿ ಪಕ್ಷಗಳು ಸ್ಥಾನ ಬದಲಿಸಿದರೆ ವಾದಗಳೂ ಸ್ಥಾನ ಬದಲಿಸುತ್ತವೆ. ಈ ಗದ್ದಲದಲ್ಲಿ ಯಾರಿಗೂ ಕೇಳಿಸದೆ ಹೋಗುವ ಪ್ರಶ್ನೆಯೊಂದಿದೆ: ಈಗಾಗಲೇ ಕೊಟ್ಟ ಹಣ ಎಲ್ಲಿಗೆ ಹೋಯಿತು?

ಪಾಲಿಕೆಗಳ ಬಡತನ ಸುಳ್ಳೇನಲ್ಲ. ಅವುಗಳ ಮುಖ್ಯ ಆದಾಯವಾಗಿದ್ದ ಆಕ್ಟ್ರಾಯ್ ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಜಾಹೀರಾತು ತೆರಿಗೆಯೂ ಕೈತಪ್ಪಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ 18 ಹೊಣೆಗಳನ್ನು ಪಟ್ಟಿ ಮಾಡಿತು. ಹಣದ ಕೀಲಿಕೈ ಮಾತ್ರ ರಾಜ್ಯಗಳ ಬಳಿಯೇ ಉಳಿಯಿತು. ಹೀಗೆ ಭಾರವೆಲ್ಲ ಆಸ್ತಿ ತೆರಿಗೆಯ ಮೇಲೆ ಬಿದ್ದಿದೆ. 2021-22ರಿಂದ ರಾಜ್ಯದ ನಗರಗಳಲ್ಲಿ ಅದನ್ನು ಮಾರ್ಗಸೂಚಿ ಬೆಲೆಗೆ ಜೋಡಿಸಲಾಯಿತು. ಅಂದರೆ ಮನೆಯ ಮುಂದಿನ ಚರಂಡಿ ಇದ್ದಂತೆಯೇ ಇದ್ದರೂ ನೆಲದ ಬೆಲೆ ಏರಿದಾಗ ತೆರಿಗೆಯೂ ಏರುತ್ತದೆ.

ನಮ್ಮಲ್ಲಿ ಕೆಲವರು ಕೇಳುವುದುಂಟು: ಝಕಾತ್ ಕೊಡುವ ನಾವು ಇದನ್ನೂ ಏಕೆ ಕೊಡಬೇಕು? ಪ್ರಶ್ನೆ ಹೊಸತಲ್ಲ. ಝಕಾತ್‌ನ ಎಂಟು ಹಕ್ಕುದಾರರನ್ನು ಪವಿತ್ರ ಕುರ್‌ಆನ್ (9:60) ಹೆಸರಿಸಿದೆ. ರಸ್ತೆ, ಚರಂಡಿಗಳಿಗೆ ಅದನ್ನು ಬಳಸಲು ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ. ಹಾಗಾದರೆ ಊರಿನ ಅಗತ್ಯಕ್ಕೆ ಹಣವೆಲ್ಲಿಂದ? 14ನೇ ಶತಮಾನದ ಗ್ರನಾಡದಲ್ಲಿ ಊರಿನ ಕೋಟೆಗೋಡೆ ಕಟ್ಟಲು ಜನರ ಮೇಲೆ ತೆರಿಗೆ ವಿಧಿಸಬಹುದೇ ಎಂಬ ಚರ್ಚೆ ಎದ್ದಿತು. ಇಮಾಮ್ ಶಾತಿಬಿಯವರ ಗುರು ಇಬ್ನು ಲುಬ್ಬ್ ಕೂಡದೆಂದರು; ಅದು ಬೈತುಲ್ ಮಾಲ್‌ನ ಹೊಣೆ ಎಂಬುದು ಅವರ ನಿಲುವು. 1388ರಲ್ಲಿ ನಿಧನರಾದ ಶಾತಿಬಿಯವರು ಜನಹಿತದ ಆಧಾರದಲ್ಲಿ ಸಮ್ಮತಿಸಿದರು. ಆದರೆ ಇಂತಹ ತೆರಿಗೆಗೆ ಅವರು ಮುಂದಿಟ್ಟ ಷರತ್ತುಗಳನ್ನು ಗಮನಿಸಬೇಕು: ಬೊಕ್ಕಸ ಬರಿದಾಗಿರಬೇಕು, ವಿಧಿಸುವವನು ನ್ಯಾಯವಂತನಾಗಿರಬೇಕು, ಹೊರೆ ಉಳ್ಳವರ ಮೇಲಿರಬೇಕು. ಆದ್ದರಿಂದ ತೆರಿಗೆ ಕೊಡುವುದು ಎಷ್ಟು ಹೊಣೆಯೋ, ಅದು ನ್ಯಾಯವಾಗಿ ಬಳಕೆಯಾಯಿತೇ ಎಂದು ನೋಡುವುದೂ ಅಷ್ಟೇ ಹೊಣೆ.

ನಾವು ನೋಡುತ್ತಿದ್ದೇವೆಯೇ? ಮನೆಯಲ್ಲಿರುವ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿ. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ. 15, ಗ್ರಂಥಾಲಯ ಸೆಸ್ ಶೇ. 6, ಭಿಕ್ಷುಕರ ಸೆಸ್ ಶೇ. 3 ಎಂದು ಬರೆದಿರುತ್ತದೆ. 5,000 ರೂ. ತೆರಿಗೆ ಕಟ್ಟುವ ಕುಟುಂಬ ಇವುಗಳಿಗಾಗಿ 1,200 ರೂ. ಹೆಚ್ಚುವರಿ ಕೊಡುತ್ತದೆ, ಅದರಲ್ಲಿ 300 ರೂ. ಪುಸ್ತಕಗಳಿಗೆ, 150 ರೂ. ನಿರ್ಗತಿಕರಿಗೆ. ಪಾಲಿಕೆ ವಸೂಲಿ ಮಾಡಿ ಇದನ್ನು ಸಂಬಂಧಿಸಿದವರಿಗೆ ತಲುಪಿಸಬೇಕು. ಅಷ್ಟಕ್ಕೂ, ಆಗುತ್ತಿರುವುದೇನು? ಬೆಂಗಳೂರಿನ ಮಹಾನಗರ ಪಾಲಿಕೆಯು ಗ್ರಂಥಾಲಯ ಸೆಸ್‌ನ ನೂರಾರು ಕೋಟಿ ರೂ. ಬಾಕಿ ಉಳಿಸಿಕೊಂಡದ್ದು ಹಲವು ಬಾರಿ ಸುದ್ದಿಯಾಯಿತು. 2010ರ ಆಗಸ್ಟ್‌ನಲ್ಲಿ ಅದೇ ನಗರದ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸಾವಿಗೀಡಾದರು. ಅವರ ಹೆಸರಿನಲ್ಲಿ ನಾವೆಲ್ಲ ಸೆಸ್ ಕೊಡುತ್ತಲೇ ಇದ್ದೆವು.

ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡುತ್ತಿದ್ದ ಮುಸ್ಲಿಮ್ ಹಿರಿಯರೊಬ್ಬರು ಸ್ವಂತ ದುಡಿಮೆಯಿಂದ ಸಾವಿರಾರು ಪುಸ್ತಕಗಳ ಉಚಿತ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾದಾಗ ನಾಡೇ ಮರುಗಿತು. ಮರುಕ ಒಳ್ಳೆಯದೇ. ಆದರೆ ನಾವು ಪ್ರತಿವರ್ಷ ಗ್ರಂಥಾಲಯ ಸೆಸ್ ಕೊಡುತ್ತಿರುವಾಗ ಒಂದು ಬಡಾವಣೆಗೆ ಪುಸ್ತಕ ಒದಗಿಸುವ ಭಾರ ಒಬ್ಬ ಕೂಲಿಕಾರನ ಹೆಗಲಿಗೆ ಬಿದ್ದದ್ದೇಕೆ ಎಂದು ಎಷ್ಟು ಮಂದಿ ಕೇಳಿದೆವು?

ನಮ್ಮ ಮೊಹಲ್ಲಾಗಳನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರಿನಲ್ಲಿ ಸತ್ಯವಿದೆ. ಆದರೆ ಕಾರ್ಪೊರೇಟರ್ ಬಳಿಗೆ ನಾವು ಹೋಗುವುದು ಹೆಚ್ಚಾಗಿ ಸ್ವಂತದ ಕೆಲಸಕ್ಕೆ. ಒಂದು ದೀಪ, ಒಂದು ನಳ್ಳಿ ಸಿಕ್ಕರೆ ಅದನ್ನು ಉಪಕಾರವೆಂದು ಭಾವಿಸಿ ಮರಳುತ್ತೇವೆ. ಹಕ್ಕು ಉಪಕಾರವಾಗಿ ಬದಲಾದಲ್ಲಿ ಪ್ರಶ್ನೆ ಸಾಯುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬೆಂಗಳೂರಿನ ಪಾಲಿಕೆ, 2025ರಲ್ಲಿ ಐದಾಗಿ ಒಡೆಯುವವರೆಗೂ ಚುನಾಯಿತ ಸದಸ್ಯರಿಲ್ಲದೆಯೇ ನಡೆಯಿತು. ಕೇಳುವವರಿಲ್ಲದಿದ್ದರೆ ಚರ್ಚಿಸಬೇಕಾದ ಸಭೆಯೇ ಇಲ್ಲವಾಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಖಲೀಫಾ ಉಮರ್(ರ)ರವರು ಮಿಂಬರ್ ಮೇಲಿದ್ದಾಗ, ಎಲ್ಲರಿಗೂ ಒಂದೊಂದು ತುಂಡು ಬಟ್ಟೆ ಸಿಕ್ಕಿರುವಾಗ ನಿಮ್ಮ ಅಂಗಿಗೆ ಎರಡು ತುಂಡು ಎಲ್ಲಿಂದ ಬಂತೆಂದು ಪ್ರಶ್ನಿಸಲಾಯಿತೆಂಬ ವೃತ್ತಾಂತವನ್ನು ನಾವು ಪ್ರವಚನಗಳಲ್ಲಿ ಕೇಳಿದ್ದೇವೆ. ಖಲೀಫರು ಸಿಟ್ಟಾಗಲಿಲ್ಲ, ತನ್ನ ಪಾಲನ್ನು ತಂದೆಗೆ ಕೊಟ್ಟೆನೆಂದು ಮಗನಿಂದ ಹೇಳಿಸಿದರು. ಇದನ್ನು ಕೇಳಿ ನಾವು ತಲೆದೂಗುತ್ತೇವೆ. ಪ್ರಶ್ನಿಸಿದವನ ಸ್ಥಾನದಲ್ಲಿ ಮಾತ್ರ ನಿಲ್ಲುವುದಿಲ್ಲ.

ಪ್ರತಿ ಜಮಾಅತ್‌ನಲ್ಲಿ ಓದುಬರಹ ಬಲ್ಲ ನಾಲ್ವರು ಯುವಕ ಯುವತಿಯರಿಗೆ ಈ ಕೆಲಸ ವಹಿಸಬಹುದು. ಪಾಲಿಕೆಯ ಬಜೆಟ್ ಪ್ರತಿ ತಂದು ಓದಲಿ. ತಮ್ಮ ವಾರ್ಡಿಗೆ ಮಂಜೂರಾದದ್ದೆಷ್ಟು, ಖರ್ಚಾದದ್ದೆಷ್ಟು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಲಿ. ವಾರ್ಡ್ ಸಮಿತಿ ಇದ್ದಲ್ಲಿ ಸಭೆಗೆ ಹೋಗಲಿ. ನೆರೆಯ ಹಿಂದೂ, ಕ್ರೈಸ್ತ ಕುಟುಂಬಗಳನ್ನೂ ಜೊತೆಗೂಡಿಸಿಕೊಳ್ಳಲಿ. ಒಡೆದ ಚರಂಡಿಗೆ ಜಾತಿಧರ್ಮಗಳಿಲ್ಲ. ಬಾಕಿ ತೆರಿಗೆಯನ್ನು ಮೊದಲು ನಾವೇ ಕಟ್ಟಿಬಿಡೋಣ. ಸಾರ್ವಜನಿಕ ಹಣ ಅಮಾನತ್. ಅದನ್ನು ತಿನ್ನುವವನು ಅಲ್ಲಾಹನ ಮುಂದೆ ಉತ್ತರಿಸಬೇಕಿರುವಂತೆಯೇ, ಕಂಡೂ ಸುಮ್ಮನಿದ್ದವನೂ ಉತ್ತರಿಸಬೇಕಾಗಬಹುದು.