ಇರಿಡಿಯಂ ಪ್ಲಗ್ ಹಾಕಿದರೆ ಬೈಕಿನ ಪಿಕಪ್, ಮೈಲೇಜ್ ಹೆಚ್ಚುತ್ತದೆಯೇ?

ಹಳೆಯ ಪ್ಲಗ್ ತೆಗೆಸಿ ಇರಿಡಿಯಂ ಪ್ಲಗ್ ಹಾಕಿಸಿ, ಮೈಲೇಜ್ ಶೇ 20ರಷ್ಟು ಏರುತ್ತದೆ, ಪಿಕಪ್ ರೇಸ್ ಬೈಕಿನಂತಾಗುತ್ತದೆ ಎನ್ನುವಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಲೇ ಇರುತ್ತವೆ. ಬಿಸಿಲು ಜಾಸ್ತಿ ಇರುವ ಊರಿಗೆ ‘ಕೋಲ್ಡ್ ಪ್ಲಗ್’ ಹಾಕಬೇಕು ಎಂಬ ಸಲಹೆಯೂ ಕೆಲವೊಮ್ಮೆ ಅದರ ಜೊತೆಗಿರುತ್ತದೆ. ಇದರಲ್ಲಿ ನಿಜವೆಷ್ಟು?

ಚುಟುಕಾಗಿ ಹೇಳುವುದಾದರೆ, ಇರಿಡಿಯಂ ಪ್ಲಗ್ ಒಳ್ಳೆಯ ವಸ್ತುವೇ, ಹೆಚ್ಚು ದಿನ ಬಾಳುತ್ತದೆ. ಆದರೆ ಸರಿಯಾಗಿರುವ ಎಂಜಿನ್‌ಗೆ ಅದು ಹೊಸ ಶಕ್ತಿ ತುಂಬುವುದಿಲ್ಲ. ಕೋಲ್ಡ್ ಪ್ಲಗ್ ಸಲಹೆಯಂತೂ ಗಾಡಿಯನ್ನು ದಾರಿಯಲ್ಲೇ ನಿಲ್ಲಿಸಬಹುದು. ಹೇಗೆ ಎಂಬುದನ್ನು ಕೊಪ್ಪಳ ಜಿಲ್ಲೆಯ ಆನೆಗೊಂದಿ ರಸ್ತೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಪ್ಲಗ್ ಮಾಡುವ ಕೆಲಸವೇನು?

ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹೊತ್ತಿಸುವುದಷ್ಟೇ ಪ್ಲಗ್‌ನ ಕೆಲಸ. ಗಾಡಿಯನ್ನು ಓಡಿಸುವ ಶಕ್ತಿ ಬರುವುದು ಪೆಟ್ರೋಲ್‌ನಿಂದ. ಒಲೆಗೆ ದುಬಾರಿ ಬೆಂಕಿಪೊಟ್ಟಣ ತಂದರೆ ಅನ್ನ ಬೇಗ ಬೇಯುವುದಿಲ್ಲ. ಆದರೆ ಕಡ್ಡಿ ತೇವವಾಗಿದ್ದರೆ ಒಲೆ ಹೊತ್ತುವುದೇ ಇಲ್ಲ. ಪ್ಲಗ್‌ನ ಮಾತೂ ಹಾಗೆಯೇ.

ಈ ಕೆಲಸ ಸಣ್ಣದಲ್ಲ. ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಪ್ಲಗ್ ಸೆಕೆಂಡಿಗೆ ಕನಿಷ್ಠ 50 ಕಿಡಿ ಕೊಡಬೇಕು. ಅದೇ ಸುತ್ತಿನಲ್ಲಿ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿದರೆ 10,000 ಕಿ.ಮೀ.ಗೆ ಮೂರು ಕೋಟಿ ಕಿಡಿಗಳಾದವು! ಒಂದೊಂದು ಕಿಡಿಯೂ ಪ್ಲಗ್‌ನ ತುದಿಯನ್ನು ಕೂದಲೆಳೆಯಷ್ಟೂ ಅಲ್ಲದಷ್ಟು ಸವೆಸುತ್ತದೆ. ಸವೆದಂತೆ ತುದಿಗಳ ನಡುವಿನ ಗ್ಯಾಪ್ ಅಗಲವಾಗಿ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಕಿಡಿ ತಪ್ಪತೊಡಗಿದರೆ ಗಾಡಿ ಎಳೆಯುವುದಿಲ್ಲ, ಪೆಟ್ರೋಲ್ ಪೋಲಾಗುತ್ತದೆ.

ಇಲ್ಲಿಯೇ ಇರಿಡಿಯಂನ ಲಾಭವಿರುವುದು. ಸಾಮಾನ್ಯ ಪ್ಲಗ್‌ನ ತುದಿ ನಿಕ್ಕಲ್ ಮಿಶ್ರಲೋಹದ್ದು, ಸುಮಾರು 2.5 ಮಿ.ಮೀ. ದಪ್ಪ. ನಿಕ್ಕಲ್ ಸುಮಾರು 1,455 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಇರಿಡಿಯಂ ಕರಗಲು 2,400 ಡಿಗ್ರಿ ದಾಟಬೇಕು. ಇಷ್ಟು ಗಟ್ಟಿ ಇರುವುದರಿಂದ ಅದರ ತುದಿಯನ್ನು 0.4 ಅಥವಾ 0.6 ಮಿ.ಮೀ.ಯಷ್ಟು ಸಣ್ಣಗೆ ಮಾಡಬಹುದು. ಸಣ್ಣ ತುದಿಯಿಂದ ಕಡಿಮೆ ವೋಲ್ಟೇಜ್‌ಗೇ ಕಿಡಿ ಹಾರುತ್ತದೆ, ನಿಧಾನವಾಗಿ ಸವೆಯುತ್ತದೆ.

ಹಾಗಾದರೆ ಶೇ 20ರ ಮಾತು?

60 ಕಿ.ಮೀ. ಮೈಲೇಜ್ ಕೊಡುವ ಗಾಡಿ 72 ಕೊಡಬೇಕು. ಆ ಹೆಚ್ಚಿನ ಶಕ್ತಿ ಎಲ್ಲಿಂದ ಬರಬೇಕು? ಸುಸ್ಥಿತಿಯಲ್ಲಿರುವ ಎಂಜಿನ್‌ನಲ್ಲಿ ಸಾಮಾನ್ಯ ಪ್ಲಗ್ ಇದ್ದರೂ ಒಳಗೆ ಹೋದ ಪೆಟ್ರೋಲ್‌ನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಉರಿದೇ ಹೋಗುತ್ತದೆ. ಉಳಿದ ಚೂರು ಪಾಲನ್ನು ಪೂರ್ತಿ ಉರಿಸಿದರೂ ಶೇ 20 ಸಿಗುವುದಿಲ್ಲ.

ಆದರೂ ‘ಹಾಕಿಸಿದ ಮೇಲೆ ಗಾಡಿ ಹಗುರಾಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಸವೆದ ಪ್ಲಗ್ ತೆಗೆದು ಹೊಸದನ್ನು ಹಾಕಿಸಿರುತ್ತಾರೆ. ಸಾಮಾನ್ಯ ಹೊಸ ಪ್ಲಗ್ ಹಾಕಿಸಿದ್ದರೂ ಬಹುಪಾಲು ಅದೇ ವ್ಯತ್ಯಾಸ ಕಾಣುತ್ತಿತ್ತು.

ಈ ನಂಬಿಕೆಗೆ ನಮ್ಮ ನಾಡಿನಲ್ಲಿ ಹಳೆಯ ಬೇರೂ ಇರಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಟೂ ಸ್ಟ್ರೋಕ್. ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುತ್ತಿದ್ದುದರಿಂದ ಪ್ಲಗ್‌ಗೆ ಮಸಿ ಬೇಗ ಕಟ್ಟುತ್ತಿತ್ತು. 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಮೈಕೋ ಕಂಪನಿಯ ಪ್ಲಗ್ ಒಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡೇ ಹೊರಡುವವರಿದ್ದರು. ಪ್ಲಗ್ ಬದಲಿಸಿದ ಕೂಡಲೇ ಗಾಡಿಗೆ ಜೀವ ಬರುತ್ತಿತ್ತು. ಇಂದಿನ ಫೋರ್ ಸ್ಟ್ರೋಕ್ ಗಾಡಿಗಳ ಕಥೆ ಬೇರೆ.

ಬಿಸಿಲಿಗೂ ಕೋಲ್ಡ್ ಪ್ಲಗ್‌ಗೂ ಸಂಬಂಧವಿದೆಯೇ?

ಹಾಟ್, ಕೋಲ್ಡ್ ಎನ್ನುವುದು ಊರಿನ ಹವಾಮಾನದ ಲೆಕ್ಕವಲ್ಲ. ಪ್ಲಗ್ ತನ್ನ ತುದಿಯ ಶಾಖವನ್ನು ಎಂಜಿನ್ ಹೆಡ್‌ಗೆ ಎಷ್ಟು ಬೇಗ ದಾಟಿಸುತ್ತದೆ ಎಂಬುದರ ಲೆಕ್ಕ. ಬೇಗ ದಾಟಿಸುವುದು ಕೋಲ್ಡ್, ನಿಧಾನವಾಗಿ ದಾಟಿಸುವುದು ಹಾಟ್. ಸಿಲಿಂಡರ್ ಒಳಗೆ ಉರಿಯುವ ಬೆಂಕಿ 2,000 ಡಿಗ್ರಿಗೂ ಮೇಲೆ. ಹೊರಗೆ 30 ಡಿಗ್ರಿ ಇದೆಯೋ 42 ಇದೆಯೋ ಎಂಬುದು ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಪ್ಲಗ್‌ನ ತುದಿ ಸುಮಾರು 450 ಡಿಗ್ರಿ ದಾಟಿದರೆ ಮಾತ್ರ ಅದರ ಮೇಲಿನ ಮಸಿ ತಾನೇ ಸುಟ್ಟುಹೋಗುತ್ತದೆ. ಅತಿಯಾಗಿ ಕಾದರೆ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್‌ಗೇ ತೂತು ಬೀಳಬಹುದು. ಕಂಪನಿ ಸೂಚಿಸಿದ ಪ್ಲಗ್ ಈ ಎರಡರ ನಡುವೆ ಇರುವಂತೆ ಆರಿಸಿದ್ದು.

ಈಗ ಆನೆಗೊಂದಿಗೆ ಬರೋಣ. ಗಂಗಾವತಿ ಕಡೆಯಿಂದ ಬಂದು ಊರ ಕೋಟೆ ಬಾಗಿಲು, ಗದ್ದೆಗಳ ನಡುವಿನ ತಿರುವು ರಸ್ತೆ, ಅಂಜನಾದ್ರಿಯ ಬುಡ, ಸಾಣಾಪುರದ ಕೆರೆ ಎಂದು ಓಡಾಡುವ ಗಾಡಿ ಹೆಚ್ಚಿನ ಹೊತ್ತು ನಿಧಾನವಾಗಿಯೇ ಹೋಗುತ್ತದೆ. ಹನುಮಮಾಲೆ ವಿಸರ್ಜನೆಯ ದಿನಗಳಲ್ಲಂತೂ ಜನಸಂದಣಿಯಲ್ಲಿ ಫಸ್ಟ್ ಗೇರ್ ಬಿಟ್ಟು ಮೇಲೆ ಹೋಗದು. ಇಂಥ ಓಡಾಟದಲ್ಲಿ ರೇಸಿಗೆಂದು ಮಾಡಿದ ಕೋಲ್ಡ್ ಪ್ಲಗ್‌ನ ತುದಿ 450 ಡಿಗ್ರಿ ಮುಟ್ಟುವುದೇ ಕಷ್ಟ. ಮಸಿ ಕಟ್ಟುತ್ತದೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಹಾಲು ಹಾಕಿ ಬರುವವರಿಗೆ, ಕೂಲಿಗೆ ಹೋಗುವವರಿಗೆ ಅಂದರೆ ಒಂದು ದಿನದ ದುಡಿಮೆ ಹೋದಂತೆ.

ಸಂಖ್ಯೆ ನೋಡಿ ಮೋಸಹೋಗಬೇಡಿ

ಎನ್‌ಜಿಕೆ ಪ್ಲಗ್‌ಗಳಲ್ಲಿ ಹೀಟ್ ರೇಂಜ್ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಬಾಷ್‌ನ ಈಗಿನ ಪ್ಲಗ್‌ಗಳಲ್ಲಿ ಇದು ಉಲ್ಟಾ. ಆದ್ದರಿಂದ ಬ್ರ್ಯಾಂಡ್ ಬದಲಿಸುವಾಗ ಸಂಖ್ಯೆ ಹೊಂದಿಸಬೇಡಿ, ನಿಮ್ಮ ಗಾಡಿಯ ಮಾಡೆಲ್‌ಗೆ ಆ ಕಂಪನಿ ಸೂಚಿಸಿದ ಪ್ಲಗ್ ಕೇಳಿ. ತ್ರೆಡ್ ಉದ್ದವಾದರೆ ಪಿಸ್ಟನ್‌ಗೆ ಬಡಿಯುವ ಅಪಾಯವಿದೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಗೆ ರೆಸಿಸ್ಟರ್ ಇರುವ ಪ್ಲಗ್ ಹೇಳಿದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಕಿಡಿಯ ವಿದ್ಯುತ್ ಅಲೆಗಳು ಇಸಿಯುಗೆ ತೊಂದರೆ ಕೊಡಬಹುದು. ಬಜಾಜ್ ಪಲ್ಸರ್‌ನ ಡಿಟಿಎಸ್-ಐ ಎಂಜಿನ್‌ಗೆ ಎರಡು ಪ್ಲಗ್, ಎರಡನ್ನೂ ಒಟ್ಟಿಗೇ ಬದಲಿಸಿ.

ಹಾಕುವಾಗ ಇಷ್ಟು ನೆನಪಿರಲಿ

1. ಎಂಜಿನ್ ಪೂರ್ತಿ ತಣ್ಣಗಾಗಲಿ.
2. ಪ್ಲಗ್ ಸುತ್ತಲಿನ ಧೂಳನ್ನು ಮೊದಲು ಊದಿ ತೆಗೆಯಿರಿ. ಮಣ್ಣಿನ ರಸ್ತೆಯ ಮರಳು ಸಿಲಿಂಡರ್ ಒಳಗೆ ಬಿದ್ದರೆ ಗೋಡೆಯನ್ನೇ ಗೀರುತ್ತದೆ.
3. ಹೊಸ ಪ್ಲಗ್‌ನ ಗ್ಯಾಪ್ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟಿದೆಯೇ ನೋಡಿ. ಇರಿಡಿಯಂ ತುದಿಗೆ ಮರಳು ಕಾಗದ, ವೈರ್ ಬ್ರಷ್ ತಾಗಿಸಬೇಡಿ, ಅದು ಮುರಿಯಬಹುದು.
4. ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ. ಬಿಗಿಯಾದರೆ ಒತ್ತಾಯ ಬೇಡ, ತೆಗೆದು ಮತ್ತೆ ನೇರವಾಗಿ ಹಿಡಿಯಿರಿ. ಹೆಡ್ ಅಲ್ಯೂಮಿನಿಯಂನದ್ದು, ತ್ರೆಡ್ ಹೋದರೆ ಪ್ಲಗ್‌ನ ಬೆಲೆಯ ಎಷ್ಟೋ ಪಟ್ಟು ಖರ್ಚು.
5. ಪೂರ್ತಿ ಕೂತ ಮೇಲೆ ವಾಷರ್ ಇರುವ ಹೊಸ ಪ್ಲಗ್‌ಗೆ ಪಾನಾದಿಂದ ಸುಮಾರು ಅರ್ಧ ಸುತ್ತು ಸಾಕು.
6. ಪ್ಲಗ್ ಬಿಚ್ಚಿ ಹೆಡ್‌ಗೆ ತಾಗಿಸಿ ಕಿಕ್ ಹೊಡೆದು ಕಿಡಿ ನೋಡುವ ಅಭ್ಯಾಸ ಬಿಡಿ. ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಬೆಂಕಿ ಹತ್ತಬಹುದು.

ತೆಗೆದ ಹಳೆಯ ಪ್ಲಗ್ ಎಸೆಯುವ ಮೊದಲು ಅದರ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು, ಧೂಳಿನ ಊರಿನಲ್ಲಿ ಮೊದಲು ನೋಡಬೇಕಾದ್ದು ಅದನ್ನೇ. ಎಣ್ಣೆ ಎಣ್ಣೆಯಾಗಿದ್ದರೆ ಆಯಿಲ್ ಒಳಗೆ ನುಗ್ಗುತ್ತಿದೆ. ಬಿಳಿಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಇವುಗಳಲ್ಲಿ ಯಾವುದಕ್ಕೂ ದುಬಾರಿ ಪ್ಲಗ್ ಮದ್ದಲ್ಲ, ಮೆಕ್ಯಾನಿಕ್‌ಗೆ ತೋರಿಸಿ ಮೂಲ ಕಾರಣ ಸರಿಪಡಿಸಬೇಕು.

ಕೊನೆಯದಾಗಿ

ಕಂಪನಿಯೇ ಇರಿಡಿಯಂ ಕೊಟ್ಟಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಸೂಚಿಸಿದ ಸಾಮಾನ್ಯ ಪ್ಲಗ್ಗನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಏರ್ ಫಿಲ್ಟರ್ ಸ್ವಚ್ಛವಾಗಿಡಿ, ಟೈರ್‌ನಲ್ಲಿ ಗಾಳಿ ಸರಿಯಾಗಿರಲಿ. ಹೆಚ್ಚು ಬಾಳಿಕೆ ಬೇಕೆಂದು ಇರಿಡಿಯಂ ಹಾಕಿಸುವುದಾದರೆ ಅದೇ ಹೀಟ್ ರೇಂಜ್‌ನದ್ದನ್ನು, ನಕಲಿ ಮಾಲು ಸಿಗದಂತೆ ನಂಬಿಕಸ್ಥ ಅಂಗಡಿಯಲ್ಲಿ ಬಿಲ್ ಸಮೇತ ಕೊಳ್ಳಿ. ಮುಂದಿನ ಸಲ ಶೇ 20 ಮೈಲೇಜ್‌ನ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ತೆಗೆದ ಹಳೆಯ ಪ್ಲಗ್ ಹೇಗಿತ್ತು?