ಊರೊಳಗೆ ಹತ್ತು ಕಿಲೋಮೀಟರ್ ವೇಗ ಇಳಿಸಿ

ಸ್ಟೀರಿಂಗ್ ಹಿಡಿಯುವವರು, ಬೈಕಿನ ಹ್ಯಾಂಡಲ್ ಹಿಡಿಯುವವರು ಎಲ್ಲರಲ್ಲೂ ಒಂದು ಕೋರಿಕೆ. ಶಾಲೆಯ ಮುಂದೆ, ಬಸ್ ನಿಲ್ದಾಣದ ಹತ್ತಿರ, ಸಂತೆ ಕಟ್ಟುವ ಬೀದಿಯಲ್ಲಿ, ಊರ ನಡುವೆ ಹಾದುಹೋಗುವ ರಸ್ತೆಯಲ್ಲಿ, ಈಗ ಹೋಗುತ್ತಿರುವುದಕ್ಕಿಂತ ಹತ್ತು ಕಿಲೋಮೀಟರ್ ಕಡಿಮೆ ವೇಗದಲ್ಲಿ ಹೋಗಿ. ಐವತ್ತರಲ್ಲಿ ಹೋಗುತ್ತಿದ್ದರೆ ನಲವತ್ತಕ್ಕೆ ಇಳಿಸಿ, ನಲವತ್ತರಲ್ಲಿದ್ದರೆ ಮೂವತ್ತಕ್ಕೆ. ಕೇಳುತ್ತಿರುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಎಂಬುದಕ್ಕೆ ಒಂದು ಲೆಕ್ಕವಿದೆ, ದಯವಿಟ್ಟು ಅದನ್ನು ಪೂರ್ತಿ ಓದಿ.

ಹೈಸ್ಕೂಲಿನ ವಿಜ್ಞಾನದಲ್ಲಿ ನಾವೆಲ್ಲ ಓದಿದ ಪಾಠ ಅದು. ಒಂದು ವಸ್ತುವನ್ನು ಬಲ ಹಾಕಿ ಸ್ವಲ್ಪ ದೂರ ತಳ್ಳಿದರೆ, ಬಲವನ್ನು ಆ ದೂರದಿಂದ ಗುಣಿಸಿದಷ್ಟು ಕೆಲಸ ನಡೆಯಿತು ಎನ್ನುತ್ತೇವೆ. ಘರ್ಷಣೆ ತಿಂದದ್ದನ್ನು ಬಿಟ್ಟರೆ ಆ ಕೆಲಸವೆಲ್ಲ ವಸ್ತುವಿನಲ್ಲಿ ಚಲನ ಶಕ್ತಿಯಾಗಿ ಸೇರುತ್ತದೆ. ವೇಗದ ವರ್ಗವನ್ನು ದ್ರವ್ಯರಾಶಿಯ ಅರ್ಧದಿಂದ ಗುಣಿಸಿದರೆ ಅದರ ಮೊತ್ತ ಸಿಗುತ್ತದೆ. ಪರೀಕ್ಷೆಯಲ್ಲಿ ಬರೆದು ಅಲ್ಲಿಗೇ ಬಿಟ್ಟುಬಂದ ಈ ಸೂತ್ರ ರಸ್ತೆಯಲ್ಲಿ ಪ್ರತಿ ನಿಮಿಷ ನಮ್ಮ ಜೊತೆಗೇ ಓಡುತ್ತಿರುತ್ತದೆ.

ಒಂದು ಸಾವಿರ ಕಿಲೋ ತೂಕದ ಸಣ್ಣ ಕಾರನ್ನು ತೆಗೆದುಕೊಳ್ಳಿ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದರ ಚಲನ ಶಕ್ತಿ 50 ಸಾವಿರ ಜೂಲ್. ವೇಗ ಇಮ್ಮಡಿಯಾಗಿ 72 ಆದರೆ ಶಕ್ತಿ ಎರಡು ಲಕ್ಷ. 108 ಆದರೆ ನಾಲ್ಕೂವರೆ ಲಕ್ಷ. ಇನ್ನೊಂದು ರೀತಿ ನೋಡಿ: 80ರಿಂದ 100ಕ್ಕೆ ಏರಿಸಲು ಕಾರಿಗೆ ತುಂಬಬೇಕಾದ ಶಕ್ತಿ, ನಿಂತ ಕಾರನ್ನು 60ಕ್ಕೆ ಏರಿಸಲು ಬೇಕಾದಷ್ಟೇ. ಸ್ಪೀಡೋಮೀಟರಿನ ಮುಳ್ಳು ಇಪ್ಪತ್ತು ಗೆರೆ ಮಾತ್ರ ಸರಿದಿರುತ್ತದೆ, ಆಕ್ಸಿಲರೇಟರ್ ತುಳಿದ ಕಾಲಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ತಿಳಿಯುವುದು ಬ್ರೇಕಿಗೆ. ಎಂಜಿನ್ ತುಂಬಿದ ಶಕ್ತಿಯಷ್ಟನ್ನೂ ನಿಲ್ಲುವಾಗ ತೆಗೆಯಲೇಬೇಕು. ಆದರೆ ಟೈರು ರಸ್ತೆಯನ್ನು ಹಿಡಿಯುವ ಬಲಕ್ಕೆ ಒಂದು ಮಿತಿ ಇದೆ, ಪೆಡಲನ್ನು ಎಷ್ಟು ಜೋರಾಗಿ ತುಳಿದರೂ ಅದು ಹೆಚ್ಚುವುದಿಲ್ಲ. ಹಾಗಾಗಿ ಉದ್ದವಾಗುವುದು ದೂರ. ಒಣ ಡಾಂಬರು, ಒಳ್ಳೆಯ ಟೈರು ಇದ್ದರೆ 36ರಲ್ಲಿ ಬಂದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 7 ಮೀಟರಿನಲ್ಲಿ ನಿಲ್ಲುತ್ತದೆ, 72ರಲ್ಲಿ ಬಂದದ್ದು 28 ಮೀಟರ್ ಕಳೆದ ಮೇಲೆ. ಮಳೆಗಾಲದಲ್ಲಿ, ಸವೆದ ಟೈರಿನಲ್ಲಿ ಇದು ಇನ್ನೂ ಹೆಚ್ಚು. ಕಣ್ಣು ಕಂಡದ್ದನ್ನು ಕಾಲು ಪಾಲಿಸಲು ಹಿಡಿಯುವ ಒಂದು ಸೆಕೆಂಡಿನಲ್ಲಿ ಸಾಗುವ ದೂರವನ್ನು ನಾನಿಲ್ಲಿ ಇನ್ನೂ ಸೇರಿಸಿಲ್ಲ.

ಈ ವರ್ಗದ ಲೆಕ್ಕ ಹಾಳೆಯ ಮೇಲಷ್ಟೇ ಹುಟ್ಟಿದ್ದಲ್ಲ. ಹಾಲೆಂಡಿನ ವಿಜ್ಞಾನಿ ಗ್ರಾವೆಸಾಂಡೆ 1720ರ ದಶಕದಲ್ಲಿ ಹಿತ್ತಾಳೆಯ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಮೆದು ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ಇಮ್ಮಡಿ ವೇಗದ ಗುಂಡು ಮಾಡಿದ ಗುಳಿ ಎರಡರಷ್ಟಲ್ಲ, ನಾಲ್ಕರಷ್ಟಿತ್ತು. ಫ್ರಾನ್ಸಿನ ಎಮಿಲಿ ದು ಶಾಟ್ಲೆ 1740ರಲ್ಲಿ ಪ್ರಕಟಿಸಿದ ತನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ವೇಗದ ವರ್ಗದ ಪರವಾಗಿ ವಾದಿಸಿದಳು. ಆಗ ಮಣ್ಣು ಹೊತ್ತ ಪೆಟ್ಟನ್ನು ನಮ್ಮ ರಸ್ತೆಗಳಲ್ಲಿ ಮನುಷ್ಯರ ಮೈ ಹೊರುತ್ತಿದೆ.

ಈಗ ಹತ್ತು ಕಿಲೋಮೀಟರಿನ ವಿಷಯಕ್ಕೆ ಬರುತ್ತೇನೆ. ಒಂದೇ ಬಗೆಯ ಎರಡು ಕಾರು, ಒಂದು 40ರಲ್ಲಿ, ಇನ್ನೊಂದು 50ರಲ್ಲಿ, ಅಕ್ಕಪಕ್ಕ ಬರುತ್ತಿವೆ. ಮುಂದೆ ಒಂದು ಮಗು ಚೆಂಡಿನ ಹಿಂದೆ ರಸ್ತೆಗೆ ಓಡಿಬರುತ್ತದೆ. ಇಬ್ಬರೂ ಒಂದೇ ಗೆರೆಯಲ್ಲಿ, ಒಂದೇ ಬಲದಲ್ಲಿ ಬ್ರೇಕ್ ಹಿಡಿಯುತ್ತಾರೆ. ಮೊದಲ ಕಾರು ಮಗುವಿನ ಮುಂದೆ ಬಂದು ನಿಲ್ಲುತ್ತದೆ. ಅದೇ ಜಾಗಕ್ಕೆ ಬಂದಾಗ ಎರಡನೆಯ ಕಾರಿನ ವೇಗ ಎಷ್ಟಿರುತ್ತದೆ? ಹತ್ತು ಎಂದು ಅನ್ನಿಸುತ್ತದೆ. ಅಲ್ಲ, 30. ಐವತ್ತರ ವರ್ಗ 2500, ನಲವತ್ತರ ವರ್ಗ 1600. ಉಳಿದದ್ದು 900, ಅದರ ವರ್ಗಮೂಲ 30. ಮೂರೂವರೆ ಮೀಟರ್ ಎತ್ತರದ ತಾರಸಿಯಿಂದ ಬಿದ್ದವರು ನೆಲಕ್ಕೆ ಬಡಿಯುವ ವೇಗ ಅದು. ಬ್ರೇಕ್ ಹಿಡಿಯಲು ಇಬ್ಬರಿಗೂ ಬೇಕಾಗುವ ಒಂದು ಸೆಕೆಂಡನ್ನು ಸೇರಿಸಿದರೆ ಡಿಕ್ಕಿಯ ವೇಗ 37 ದಾಟುತ್ತದೆ. ಇದರಲ್ಲಿ ಎರಡನೆಯ ಚಾಲಕ ಕುಡಿದಿಲ್ಲ, ಮೊಬೈಲ್ ನೋಡುತ್ತಿಲ್ಲ, ಕೆಟ್ಟವನೂ ಅಲ್ಲ. ಅವನು ಹತ್ತು ಕಿಲೋಮೀಟರ್ ಜಾಸ್ತಿ ಹೋಗುತ್ತಿದ್ದ, ಅಷ್ಟೇ.

ಆ ಹತ್ತರಿಂದ ಅವನಿಗೆ ಉಳಿಯುತ್ತಿದ್ದದ್ದು ಏನು? ಒಂದು ಕಿಲೋಮೀಟರ್ ಉದ್ದದ ಊರನ್ನು 50ರಲ್ಲಿ ದಾಟಲು 72 ಸೆಕೆಂಡ್ ಬೇಕು, 40ರಲ್ಲಿ 90. ವ್ಯತ್ಯಾಸ 18 ಸೆಕೆಂಡ್.

ಬೆಂಗಳೂರು–ಮೈಸೂರು ದಶಪಥದಲ್ಲಿ ಕಾರುಗಳ ವೇಗಮಿತಿ 100. ಒಂದು ಗಂಟೆ ಹಾಗೆ ಬಂದು ಮಂಡ್ಯದ ಕಡೆ ಸರ್ವಿಸ್ ರಸ್ತೆಗೆ ಇಳಿದವರಿಗೆ 60 ಎಂದರೆ ತೆವಳಿದಂತೆ ಅನ್ನಿಸುತ್ತದೆ. ಕಣ್ಣು ಮೋಸ ಹೋಗುವ ಜಾಗ ಅದು. ಅಲ್ಲಿ ಅನಿಸಿಕೆಯನ್ನು ನಂಬಬೇಡಿ, ಮುಳ್ಳನ್ನು ನೋಡಿ.

ತಾಯ್ತಂದೆಯರಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇನೆ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. 50ರಲ್ಲಿ ಓಡುತ್ತಿರುವ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನಲ್ಲಿ ನಿಂತರೆ, ಹತ್ತು ಕಿಲೋ ತೂಕದ ಕೂಸನ್ನು ಹಿಡಿದಿಟ್ಟುಕೊಳ್ಳಲು ನಿಮ್ಮ ಕೈ ಸುಮಾರು ಎರಡು ಕ್ವಿಂಟಲ್ ಭಾರ ತಡೆಯಬೇಕು. ಯಾವ ತಾಯಿಯ ಕೈಯಿಂದಲೂ ಅದು ಆಗದು, ಪ್ರೀತಿ ಎಷ್ಟೇ ಇದ್ದರೂ. ಹಿಂದಿನ ಸೀಟಿನಲ್ಲಿ ಮಕ್ಕಳ ಆಸನಕ್ಕೆ ಬೆಲ್ಟ್ ಹಾಕಿ ಕೂರಿಸಿ. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವುದನ್ನೂ ಬಿಡಿ.

ಕೇಂದ್ರ ಸರ್ಕಾರದ ಅಂಕಿಅಂಶದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹತ್ತರಲ್ಲಿ ಏಳಕ್ಕೂ ಹೆಚ್ಚು ಸಾವುಗಳಿಗೆ ದಾಖಲಾದ ಕಾರಣ ಅತಿವೇಗ. ಹೀಗಿದ್ದೂ 2018ರ ಕೇಂದ್ರ ಅಧಿಸೂಚನೆ ಪಟ್ಟಣಗಳೊಳಗೆ ಕಾರಿಗೆ 70ರವರೆಗೆ ಅವಕಾಶ ಕೊಟ್ಟಿದೆ. ಜನ ನಡೆದಾಡುವ ಬೀದಿಗಳಲ್ಲಿ ವೇಗ 30 ಮೀರಬಾರದು ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಕರೆ ಕೊಟ್ಟಿತ್ತು. ನನ್ನ ಅಭಿಪ್ರಾಯದಲ್ಲಿ 70 ನಮ್ಮ ಊರುಗಳಿಗೆ ಹೇಳಿದ ಸಂಖ್ಯೆಯೇ ಅಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಮಿತಿ ಗೊತ್ತುಪಡಿಸಲು ರಾಜ್ಯಕ್ಕೆ ಅಧಿಕಾರವಿದೆ. ನಿಮ್ಮ ಶಾಲೆಯ ಮುಂದಿನ ರಸ್ತೆಗೆ ಅದನ್ನು ಕೇಳಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ.

ವಿಜ್ಞಾನ ಮೇಷ್ಟ್ರುಗಳೇ, ಮೇಡಂಗಳೇ, ಈ ಪಾಠವನ್ನು ಒಂದು ದಿನ ಮೈದಾನಕ್ಕೆ ಕರೆತನ್ನಿ. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದಲ್ಲೇ ಗೆರೆ ಎಳೆಯಿರಿ: ಗಾಬರಿಯ ಆ ಒಂದು ಸೆಕೆಂಡೂ ಸೇರಿ ಕಾರು ನಿಲ್ಲಲು ಬೇಕಾದ ದೂರ 40ಕ್ಕೆ 20 ಮೀಟರ್, 50ಕ್ಕೆ 28, 60ಕ್ಕೆ 36, 80ಕ್ಕೆ 57. ಮಕ್ಕಳು ಒಂದೊಂದು ಗೆರೆಯವರೆಗೂ ನಡೆದು ನೋಡಲಿ. ಪೋಷಕರ ಸಭೆಯ ದಿನ ಅಪ್ಪ ಅಮ್ಮಂದಿರನ್ನೂ ನಡೆಸಿ.

ಗಾಡಿ ಓಡಿಸುವವರು ಅಲ್ಲಿಯವರೆಗೂ ಕಾಯಬೇಡಿ. ಇವತ್ತೇ, ಊರ ಹೆಸರಿನ ಫಲಕ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.